ಸ್ಟ್ರೀಟ್ ಫೈಟರ್ 6, ಎರಡು ವರ್ಷ ಆಡಿದ ಮೇಲೆ: ಟ್ರೇನಿಂಗ್ ಮೋಡೇ ಇದರ ಅಸಲಿ ಮಾಲು

ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಈ ಆಟ, ಇಬ್ಬರು ಎದುರುಬದುರು ಗುದ್ದಾಡುವ ವಿಡಿಯೊ ಗೇಮ್, ಬಂದದ್ದು 2023ರ ಜೂನ್ 2ಕ್ಕೆ. ಆ ವಾರದ ವಿಮರ್ಶೆಗಳೆಲ್ಲ ಗ್ರಾಫಿಕ್ಸ್ ಎಷ್ಟು ಚೆಂದ, ಹೊಸ ಪಾತ್ರಗಳು ಯಾರು ಅನ್ನುವುದರಲ್ಲೇ ಮುಗಿದವು. ಅದೆಲ್ಲ ಸರಿಯೇ. ಆದರೆ ವರ್ಷಗಟ್ಟಲೆ ಒಂದೇ ಆಟ ಆಡಿದವನ ಕಣ್ಣಿಗೆ ಗ್ರಾಫಿಕ್ಸ್ ಬೀಳುವುದೇ ಇಲ್ಲ. ನಾನು ಜಾಸ್ತಿ ಹೊತ್ತು ಕಳೆದದ್ದು ಬರೀ ಚೌಕಗೆರೆಗಳಿರುವ ಆ ಟ್ರೇನಿಂಗ್ ಕೋಣೆಯಲ್ಲಿ, ಅಂದರೆ ಪಂದ್ಯವಿಲ್ಲದೆ ಬರೀ ಅಭ್ಯಾಸ ಮಾಡುವ ಮೋಡ್‌ನಲ್ಲಿ. ಹಾಗಾಗಿ ಈ ವಿಮರ್ಶೆಯ ಮುಕ್ಕಾಲು ಭಾಗ ಅದರ ಬಗ್ಗೆಯೇ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ಲೋಕಲ್‌ನಲ್ಲಿ ನುಗ್ಗಿ, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹಿಡಿದು, ಸಂಜೆ ಅದೇ ದಾರಿ ವಾಪಸ್. ಊಟ ಮುಗಿಸಿ ಕೂತರೆ ಕೈಗೆ ಸಿಗುವುದು ಅರ್ಧ ಗಂಟೆ. ವಯಸ್ಸೂ ನಲವತ್ತು ದಾಟಿದೆ. ಇದನ್ನು ಹುಡುಗರ ಆಟ ಅನ್ನುವವರಿಗೆ ಒಂದು ಸುದ್ದಿ: ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಇದರ ಹಿಂದಿನ ಆವೃತ್ತಿ ಸ್ಟ್ರೀಟ್ ಫೈಟರ್ 5ರಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ನನಗೆ ಚಿನ್ನ ಬೇಡ. ಅರ್ಧ ಗಂಟೆ ದಂಡವಾಗದಿದ್ದರೆ ಸಾಕು.

ದಂಡವಾಗದ ಹಾಗೆ ಮಾಡುವುದು ಎರಡು ಸೌಲಭ್ಯ. ಒಂದು, ಫ್ರೇಮ್ ಮೀಟರ್. ಆಟ ಬಂದ ದಿನದಿಂದಲೇ ಇದೆ. ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ನೀವು ಬಟನ್ ಒತ್ತಿದ ಕೂಡಲೇ ಪರದೆ ಮೇಲೆ ಬಣ್ಣಬಣ್ಣದ ಪಟ್ಟಿ ಮೂಡುತ್ತದೆ: ಹೊಡೆತ ಹೊರಡಲು ಹಿಡಿದ ಹೊತ್ತು ಹಸಿರು, ತಾಗುವ ಹೊತ್ತು ಕೆಂಪು, ಕೈಕಾಲು ವಾಪಸ್ ಬರುವ ಹೊತ್ತು ನೀಲಿ. ಎದುರಾಳಿಯ ಪಟ್ಟಿಯೂ ಜೊತೆಗೇ ಇರುತ್ತದೆ. ಯಾರು ಮೊದಲು ಸುಧಾರಿಸಿಕೊಂಡರು, ಎಷ್ಟು ಫ್ರೇಮ್ ಮೊದಲು ಅಂತ ಲೆಕ್ಕ ಕಣ್ಣೆದುರೇ ಇದೆ. ಆಟದ ಪಾತ್ರಗಳಲ್ಲೊಬ್ಬನಾದ ರ್‍ಯೂನ ಲೈಟ್ ಪಂಚ್ (ಹಗುರ ಗುದ್ದು) 4 ಫ್ರೇಮ್‌ಗೆ ತಾಗುತ್ತದೆ. ಎದುರಾಳಿ 4 ಫ್ರೇಮ್ ಅಥವಾ ಜಾಸ್ತಿ ಹಿಂದೆ ಬಿದ್ದು, ಕೈಗೆಟಕುವ ದೂರದಲ್ಲಿದ್ದರೆ ಆ ಹೊಡೆತ ನಿಮ್ಮದೇ. ಮೊದಲು ಇದಕ್ಕೆಲ್ಲ ಕೋಷ್ಟಕ ಹುಡುಕಿ ಬಾಯಿಪಾಠ ಮಾಡಬೇಕಿತ್ತು.

ಎರಡನೆಯದು ಡಮ್ಮಿ ರೆಕಾರ್ಡಿಂಗ್. ಇದಕ್ಕೇ ನಾನು ಪೂರ್ತಿ ಅಂಕ ಕೊಡುವುದು. ಎದುರಿಗೆ ನಿಲ್ಲುವ ಬೊಂಬೆಗೆ ಎಂಟು ಸ್ಲಾಟ್‌ಗಳಲ್ಲಿ ಎಂಟು ನಡೆ ಕಲಿಸಬಹುದು. ಯಾವುದು ಯಾವಾಗ ಬರಬೇಕೆಂದು ಆಟವೇ ಚೀಟಿ ಎತ್ತುತ್ತದೆ. ನನ್ನ ಪಾಠ ಹೀಗೆ: ಕೆನ್ ಅನ್ನುವ ಪಾತ್ರವನ್ನು ಡಮ್ಮಿ ಮಾಡುತ್ತೇನೆ. ಒಂದನೇ ಸ್ಲಾಟ್‌ನಲ್ಲಿ ಅವನು ಹಾರಿ ಬಂದು ಒದೆಯುತ್ತಾನೆ. ಎರಡರಲ್ಲಿ ಹಡೋಕೆನ್, ಅಂದರೆ ಶಕ್ತಿಯ ಉಂಡೆ, ಎಸೆಯುತ್ತಾನೆ. ಮೂರರಲ್ಲಿ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಹೊಡೆತ. ನಾಲ್ಕರಲ್ಲಿ ಎರಡು ಹೆಜ್ಜೆ ಮುಂದೆ, ಎರಡು ಹಿಂದೆ. ಐದು, ಸುಮ್ನೆ ನಿಲ್ಲುವುದು.

ಈ ಐದನೆಯದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅದೇ ಮುಖ್ಯ. ಸುಮ್ನೆ ನಿಲ್ಲುವ ಸ್ಲಾಟ್ ಇಲ್ಲದಿದ್ದರೆ ಬೆರಳು ಅಂದಾಜಿಗೆ ಬೀಳುತ್ತದೆ. ‘ಈಗ ಏನೋ ಬರುತ್ತೆ’ ಅಂತ ಮೊದಲೇ ಗೊತ್ತಿರುತ್ತದಲ್ವಾ? ಹಾರಿದ್ದನ್ನು ನೋಡದೆಯೇ ಶೊರ್ಯೂಕೆನ್, ಅಂದರೆ ಮೇಲೆ ಹಾರಿ ಬೀಸುವ ಮುಷ್ಟಿ, ಹೊರಟುಬಿಡುತ್ತದೆ. ಡಮ್ಮಿ ಕೆಲವು ಸಲ ಏನೂ ಮಾಡದೆ ನಿಂತಾಗ ಈ ಕಳ್ಳತನ ಬಯಲಾಗುತ್ತದೆ. ನಿಮ್ಮ ರ್‍ಯೂ ಖಾಲಿ ಗಾಳಿಗೆ ಮುಷ್ಟಿ ಬೀಸಿ ಮೇಲೆ ಹೋಗುತ್ತಾನೆ. ಕೆನ್ ಕೆಳಗೆ ನಿಂತು ನೋಡುತ್ತಿರುತ್ತಾನೆ.

ಡ್ರೈವ್ ಇಂಪ್ಯಾಕ್ಟ್ ವಿಷಯವೂ ಹಾಗೇ. ಅದು ತಾಗಲು 26 ಫ್ರೇಮ್ ಬೇಕು, ಅಂದರೆ ಅರ್ಧ ಸೆಕೆಂಡಿಗೂ ಸ್ವಲ್ಪ ಕಡಿಮೆ. ಅಷ್ಟರಲ್ಲಿ ನಾವೂ ಡ್ರೈವ್ ಇಂಪ್ಯಾಕ್ಟ್ ಒತ್ತಿದರೆ ಎದುರಾಳಿ ಕುಸಿಯುತ್ತಾನೆ. ಡಮ್ಮಿಗೆ ಇದೊಂದನ್ನೇ ಕಲಿಸಿದರೆ ಹತ್ತಕ್ಕೆ ಹತ್ತೂ ಹಿಡಿಯುತ್ತೀರಿ, ಏನೂ ಪ್ರಯೋಜನವಿಲ್ಲ. ಪಂದ್ಯದಲ್ಲಿ ತಲೆ ಬೇರೆ ಕಡೆ ಇರುತ್ತದೆ. ಹಾರುತ್ತಾನಾ, ಹಿಡಿದು ಎಸೆಯುತ್ತಾನಾ, ನನ್ನ ಡ್ರೈವ್ ಗೇಜ್ (ಇಂಥ ನಡೆಗಳಿಗೆ ಖರ್ಚಾಗುವ ಶಕ್ತಿಯ ಪಟ್ಟಿ) ಎಷ್ಟಿದೆ ಅಂತ ನೋಡುತ್ತಿರುವಾಗ ಅದು ಬರುತ್ತದೆ. ಬೇರೆ ನಡೆಗಳ ನಡುವೆ ಬೆರೆಸಿ ಅಭ್ಯಾಸ ಮಾಡಿದ ಮೇಲೇ ನನಗೆ ಪಂದ್ಯದಲ್ಲಿ ಹಿಡಿಯಲು ಬಂದದ್ದು. ಅದೂ ಎಲ್ಲ ಸಲ ಅಲ್ಲ. ಮೂಲೆಗೆ ಸಿಕ್ಕಿ ಗೇಜ್ ಖಾಲಿಯಾಗಿದ್ದಾಗ ಬಂದರೆ ತಡೆದರೂ ತಲೆ ತಿರುಗಿ ನಿಲ್ಲುತ್ತೇವೆ, ಕಥೆ ಮುಗಿದ ಹಾಗೆಯೇ.

ಕಾಂಬೊ, ಅಂದರೆ ಒಂದರ ಹಿಂದೊಂದು ಬಿಡದೆ ತಾಗುವ ಹೊಡೆತಗಳ ಸರಣಿ, ಕಲಿಸುವ ಟ್ರಯಲ್‌ಗಳೂ ಇವೆ. ಚೆನ್ನಾಗಿವೆ. ಆದರೆ ಉದ್ದದ ಕಾಂಬೊ ಕಲಿತು ರ್‍ಯಾಂಕ್ ಏರಿದವರನ್ನು ನಾನು ಕಂಡಿಲ್ಲ. ಪ್ಲಾಟಿನಂ ದರ್ಜೆಯವರೆಗೆ ಎರಡು ಸಣ್ಣ ಕಾಂಬೊ ಧಾರಾಳ ಸಾಕು. ಹಾರಿ ಬರುವವರನ್ನು ಕೆಡವಲು ಬರಬೇಕು, ಅಷ್ಟೇ.

ಹಾಗಾದರೆ ಕೊರತೆ ಏನು? ಸೌಲಭ್ಯ ಬೇಕಾದಷ್ಟಿದೆ, ಆದರೆ ಇವತ್ತು ಏನು ಅಭ್ಯಾಸ ಮಾಡಬೇಕು ಅಂತ ಆಟ ಹೇಳುವುದಿಲ್ಲ. ಅದನ್ನು ನೀವೇ ತರಬೇಕು. ನಾನು ತರುವುದು ಸೋತ ಪಂದ್ಯದ ರಿಪ್ಲೇಯಿಂದ. ಅದರಲ್ಲಿ ಇಬ್ಬರೂ ಒತ್ತಿದ ಬಟನ್‌ಗಳು, ಫ್ರೇಮ್ ಲೆಕ್ಕ ಎಲ್ಲ ಕಾಣುತ್ತದೆ. ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಯಾವ ಏಟಿಗೆ ಪದೇ ಪದೇ ಬಿದ್ದೆ? ಹೊಂಡಾ ಎಂಬ ಸುಮೊ ಪೈಲ್ವಾನ ತಲೆ ಮುಂದೆ ಮಾಡಿ ಹಾರಿ ಬರುವುದಕ್ಕೆ ಅಂತಾದರೆ, ಆ ವಾರವೆಲ್ಲ ಹೊಂಡಾನೇ ಡಮ್ಮಿ. ತಡೆದ ಮೇಲೆ ಅವನು ಪುಟಿದು ದೂರ ಹೋಗುತ್ತಾನೆ, ಕೆಲವು ಬಟನ್ ಮುಟ್ಟುವುದೇ ಇಲ್ಲ. ಮುಟ್ಟುವುದು ಯಾವುದು ಅಂತ ಒಂದೊಂದಾಗಿ ಒತ್ತಿ ನೋಡುವುದು. ಬೇಜಾರಿನ ಕೆಲಸ, ಒಪ್ಪಿದೆ. ಯಕ್ಷಗಾನ ತರಗತಿಯಲ್ಲಿ ಬಣ್ಣ, ಕಿರೀಟ ಏನೂ ಇಲ್ಲದೆ ತಿಂಗಳುಗಟ್ಟಲೆ ಹೆಜ್ಜೆ ಹಾಕಿಸುತ್ತಾರಲ್ಲ, ಅಂಥದ್ದೇ.

ಇನ್ನೊಂದು ಮಾತು. ಟ್ರೇನಿಂಗ್‌ನಲ್ಲಿ ಇರುವಾಗಲೇ ಆನ್‌ಲೈನ್ ಪಂದ್ಯಕ್ಕೆ ಕಾಯುವ ಆಯ್ಕೆ ಇದೆ. ಎಲ್ಲರೂ ಹೊಗಳುತ್ತಾರೆ. ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ. ಕೈ ಕೂರುವ ಹೊತ್ತಿಗೆ ಸರಿಯಾಗಿ ಎದುರಾಳಿ ಸಿಕ್ಕಿದ ಅಂತ ಸದ್ದಾಗುತ್ತದೆ, ಪಾಠ ಅಲ್ಲಿಗೇ ನಿಲ್ಲುತ್ತದೆ.

ಕಂಟ್ರೋಲ್ ಬಗ್ಗೆ ಕೇಳುವವರಿಗೆ: ಮಾಡರ್ನ್ ಎಂಬ ಸುಲಭ ಬಗೆಯಲ್ಲಿ ಒಂದೇ ಬಟನ್‌ಗೆ ವಿಶೇಷ ಹೊಡೆತ ಬರುತ್ತದೆ, ಬದಲಿಗೆ ಅದರ ಏಟು 20 ಶೇಕಡಾ ಕಡಿಮೆ. ನಾಚಿಕೆಪಡುವಂಥದ್ದು ಏನೂ ಇಲ್ಲ. ನಾನು ಎಲ್ಲವನ್ನೂ ಕೈಯಾರೆ ಒತ್ತುವ ಕ್ಲಾಸಿಕ್ ಆಡುವುದು ಹಳೆ ಅಭ್ಯಾಸಕ್ಕೆ, ಅಷ್ಟೇ.

ನೆಟ್ ವಿಷಯಕ್ಕೆ ಬಂದರೆ, ಮೋಡೆಮ್‌ನಿಂದ ನೇರ ಕೇಬಲ್ ಎಳೆಯಿರಿ. ನೀವು ವೈಫೈನಲ್ಲಿದ್ದೀರಾ ಕೇಬಲ್‌ನಲ್ಲಿದ್ದೀರಾ ಅಂತ ಎದುರಾಳಿಗೆ ಕಾಣುತ್ತದೆ, ವೈಫೈ ಕಂಡರೆ ಎಷ್ಟೋ ಜನ ಆಡುವುದೇ ಇಲ್ಲ. ಜೋರು ಮಳೆಯ ರಾತ್ರಿ ನಮ್ಮ ಕಟ್ಟಡದ ಕನೆಕ್ಷನ್ ಎಳೆದಾಡುತ್ತದೆ. ಆಗ ರ್‍ಯಾಂಕ್ ಮುಟ್ಟುವುದಿಲ್ಲ, ಟ್ರೇನಿಂಗ್ ಮಾತ್ರ. ಎಳೆದಾಡುವ ಪಂದ್ಯದಲ್ಲಿ ಕಲಿತ ಟೈಮಿಂಗ್ ಮಾರನೇ ದಿನ ಅಳಿಸಬೇಕಾಗುತ್ತದೆ.

ಡಮ್ಮಿ ಕಲಿಸಲಾರದ್ದು ಒಂದಿದೆ. ಭಾನುವಾರ ಮಾಟುಂಗಾದಿಂದ ಅಕ್ಕನ ಮಗ ಬರುತ್ತಾನೆ. ಹದಿನಾರರ ಹುಡುಗ, ಟ್ರೇನಿಂಗ್ ಮೋಡ್ ತೆರೆದವನೇ ಅಲ್ಲ. ಒಂದು ದಿನ ಸತತ ಸೋಲಿಸಿ, ಚಕ್ಕುಲಿ ಕಡಿಯುತ್ತ ಹೇಳಿದ: ‘ಮಾಮ, ನೀನು ಎರಡು ಸಲ ಹಡೋಕೆನ್ ಎಸೆದ ಮೇಲೆ ಗ್ಯಾರಂಟಿ ಮುಂದೆ ಬರ್ತೀಯ. ನಾನು ಅದಕ್ಕೇ ಕಾಯ್ತಾ ಇರ್ತೀನಿ.’ ನನ್ನ ಚಾಳಿಯನ್ನು ಯಾವ ಮೀಟರ್ ತೋರಿಸೀತು? ಹಾಗಾಗಿ ವಾರದಲ್ಲಿ ಒಂದು ದಿನವಾದರೂ ಪಕ್ಕದಲ್ಲಿ ಕೂತು ಆಡುವ ಮನುಷ್ಯ ಬೇಕು. ಈಗ ಎರಡನೇ ಹಡೋಕೆನ್ ಆದ ಮೇಲೆ ನಿಂತಲ್ಲೇ ನಿಲ್ಲುತ್ತೇನೆ. ಅವನು ಬೇರೇನೋ ಹುಡುಕುತ್ತಿದ್ದಾನೆ.

ಯಾರು ಕೊಳ್ಳಬಹುದು? ಸೋತ ಮೇಲೆ ‘ಯಾಕೆ’ ಅಂತ ಕೇಳಿಕೊಳ್ಳುವವರು ಕಣ್ಣುಮುಚ್ಚಿ ಕೊಳ್ಳಿ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಗುದ್ದಾಡುವವರಿಗೆ ಸೇಲ್ ಬರುವವರೆಗೆ ಕಾಯುವುದು ಮೇಲು. ಅದಕ್ಕೂ ಮುಂಚೆ ಉಚಿತ ಡೆಮೊ ಇಳಿಸಿಕೊಂಡು ನೋಡಿ, ರ್‍ಯೂ ಮತ್ತು ಲೂಕ್ ಇಬ್ಬರೇ ಇರುತ್ತಾರೆ. ಕೈಗೆ ಹಿಡಿಸುತ್ತಾ ಇಲ್ವಾ ಅಂತ ಗೊತ್ತಾಗಲು ಅಷ್ಟು ಸಾಕು.