ರೂಟ್ ಕೆನಾಲ್ ಆಗಿ ಎರಡು ವರ್ಷ: ಹಲ್ಲು ಗಟ್ಟಿ, ತಕರಾರೆಲ್ಲ ಪಕ್ಕದ ಸಂದಿಯದು

ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ (ಒಳಗಿನ ನರ ತೆಗೆಯುವ ಚಿಕಿತ್ಸೆ) ಮಾಡಿಸಿ, ಜಿರ್ಕೋನಿಯಾ ಅನ್ನುವ ಗಟ್ಟಿ ಪಿಂಗಾಣಿಯಂಥ ವಸ್ತುವಿನ ಕ್ಯಾಪ್ ಹಾಕಿಸಿ ಎರಡು ವರ್ಷ ದಾಟಿತು. ಮಾಡಿಸಿದ್ದು ಹುಬ್ಬಳ್ಳಿಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ. ನೋವಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಂಜೆಕ್ಷನ್ ಚುಚ್ಚಿದಾಗ ಸ್ವಲ್ಪ, ಅಷ್ಟೇ. ಕ್ಯಾಪ್ ಎತ್ತರ ಅನ್ನಿಸಿದಾಗ ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಜಾಗ ಉಜ್ಜಿ ಸರಿ ಮಾಡಿಕೊಟ್ಟರು. ದುಡ್ಡು ಕೇಳಲಿಲ್ಲ.

ಕಾಟ ಕೊಟ್ಟಿದ್ದು ಕ್ಯಾಪ್‌ಗೂ ಪಕ್ಕದ ಹಲ್ಲಿಗೂ ನಡುವಿನ ಸಂದಿ. ನಮ್ಮ ಊಟ ಗೊತ್ತಲ್ಲ? ಸಜ್ಜೆ ರೊಟ್ಟಿಯ ಎಳ್ಳು, ಗುರೆಳ್ಳು ಚಟ್ನಿ, ಪುಂಡಿ ಪಲ್ಯದ ನಾರು, ಎಲ್ಲ ಅಲ್ಲಿಗೇ ಹೋಗಿ ಕೂರುತ್ತಿತ್ತು. ಕಡಕ್ ರೊಟ್ಟಿ ತಿಂದರಂತೂ ಚೂರು ನೇರವಾಗಿ ಒಸಡಿಗೇ ಚುಚ್ಚುತ್ತಿತ್ತು. ಮದುವೆ ಊಟಕ್ಕೆ ಹೋದರೂ ನಾಲಿಗೆ ಅಲ್ಲೇ ತಡಕಾಡುತ್ತಿರುತ್ತಿತ್ತು. ಬರಬರುತ್ತಾ ಒಸಡು ಬಾತು, ಬ್ರಷ್ ತಾಗಿದರೆ ರಕ್ತ.

ರಾತ್ರಿ ಊಟವಾದ ಮೇಲೆ ಕನ್ನಡಿ ಮುಂದೆ ನಿಲ್ಲುವುದು ರೂಢಿಯಾಯಿತು. ಮೊದಲು ಸಂದಿಗೆ ಹಾಕುವ ಸಣ್ಣ ಬ್ರಷ್, ಒತ್ತದೆ, ಒಳಗಿಂದ ಹೊರಗೆ. ಆಮೇಲೆ ಫ್ಲಾಸ್ ದಾರ. ಕೊನೆಗೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಬಾಯಿ ಹಗುರ. ಈ ಹೊತ್ತು ನನಗೆ ನಿಜವಾಗಿ ಇಷ್ಟವಾಗಿದೆ, ಈಗಲೂ ಬಿಟ್ಟಿಲ್ಲ.

ಆದರೂ ಹೆದರಿಕೆ ಹೋಗಲಿಲ್ಲ. ಕ್ಯಾಪ್ ಹುಳುಕಾಗುವುದಿಲ್ಲ, ಅದರ ಅಂಚಿನಲ್ಲಿರುವ ಸ್ವಂತ ಹಲ್ಲು ಆಗುತ್ತದೆ. ನರ ತೆಗೆದ ಹಲ್ಲು ಜುಮ್ ಅಂದು ಮೊದಲೇ ಎಚ್ಚರಿಸುವುದೂ ಇಲ್ಲ. ಇದನ್ನೇ ಹೇಳಿಕೊಂಡು ಹೋದರೆ ದೊಡ್ಡ ಡಾಕ್ಟರ್ ಕನ್ನಡಿಯಲ್ಲಿ ಒಮ್ಮೆ ಇಣುಕಿ, ‘ಊಟ ಸಿಗೋದು ಸಾಮಾನ್ಯ, ರೂಢಿ ಆಗುತ್ತೆ’ ಅಂದರು. ಮತ್ತೆ ಹೋದಾಗಲೂ ಅದೇ ಮಾತು. ಕ್ಯಾಪ್‌ಗೇ 9 ಸಾವಿರ ಕೊಟ್ಟಿದ್ದೆ. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತ ಅಲ್ಲ. ಸಿಟ್ಟು ಬಂತು.

ಇನ್ನೊಂದು ಸಲ ಹೋದಾಗ ದೊಡ್ಡವರು ಇರಲಿಲ್ಲ. ಅಲ್ಲಿದ್ದ ಕಿರಿಯ ಡಾಕ್ಟರ್ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಫ್ಲಾಸ್ ತೆಗೆದುಕೊಂಡು ಆ ಸಂದಿಗೆ ಹಾಕಿದರು. ತಡೆಯೇ ಇಲ್ಲದೆ ಸರ್ರನೆ ಇಳಿಯಿತು. ಇನ್ನೊಂದು ಕಡೆ ಹಾಕಿದರೆ ಬಿಗಿಯಾಗಿ ಹಿಡಿದು, ಟಕ್ ಅಂದು ಒಳಗೆ ಹೋಯಿತು. ‘ಎರಡು ಹಲ್ಲು ಒಂದಕ್ಕೊಂದು ಹೀಗೆ ತಾಗಿರಬೇಕು. ಇಲ್ಲಿ ತಾಗೇ ಇಲ್ಲ, ಕ್ಯಾಪ್ ಬದಲಿಸಬೇಕು’ ಅಂದರು. ಎಕ್ಸ್‌ರೇ ತೆಗೆದು ಒಳಗೆ ಹುಳುಕಿಲ್ಲ ಅಂತ ತೋರಿಸಿದರು. ಎದೆಯ ಭಾರ ಅರ್ಧ ಅಲ್ಲೇ ಇಳಿಯಿತು.

ವಾರಂಟಿ ಕಾರ್ಡ್ ಇತ್ತು, ಆದರೆ ಅದು ಕ್ಯಾಪ್ ಒಡೆದರೆ ಮಾತ್ರವಂತೆ. ಕೊನೆಗೆ ದೊಡ್ಡ ಡಾಕ್ಟರೇ ಒಪ್ಪಿ, ಲ್ಯಾಬ್ ಖರ್ಚು ಮಾತ್ರ ತೆಗೆದುಕೊಂಡು ಹೊಸದು ಹಾಕಿದರು. ಅದನ್ನೂ ಬಿಡಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ. ಹಳೆಯದನ್ನು ಕೊರೆದು ತೆಗೆಯುವ ಸದ್ದು ಮಾತ್ರ ತಲೆ ತಿಂದಿತು. ಹೊಸ ಕ್ಯಾಪ್ ಬಂದ ಮೇಲೆ ಒಸಡು ತಣ್ಣಗಾಗಿದೆ. ಗುರೆಳ್ಳು ಚಟ್ನಿ ಮತ್ತೆ ತಟ್ಟೆಗೆ ಬಂದಿದೆ.

ಕ್ಯಾಪ್ ಹಾಕಿಸುವವರಿಗೆ ನಾನು ಹೇಳುವುದು ಇಷ್ಟು. ಪರ್ಮನೆಂಟ್ ಸಿಮೆಂಟ್ ಹಚ್ಚುವ ಮೊದಲು ಎರಡೂ ಕಡೆ ಫ್ಲಾಸ್ ಹಾಕಿ ತೋರಿಸಿ ಅಂತ ಕೇಳಿ. ಆಗ ಲ್ಯಾಬ್‌ಗೆ ವಾಪಸ್ ಕಳಿಸುವುದು ಸುಲಭ, ಅಂಟಿಸಿದ ಮೇಲೆ ಕೊರೆಯಲೇಬೇಕು. ಬಜೆಟ್ ಬಿಗಿ ಇದ್ದು ಕೈಯಲ್ಲಿ ಸಮಯ ಇದ್ದರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲೂ ವಿಚಾರಿಸಿ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಬಹುದು. ಕಾಲೇಜು ಅಂದಮೇಲೆ ಕಲಿಯುವವರು ಮಾಡುತ್ತಾರೆ, ಮೇಲಿನವರು ಪರೀಕ್ಷಿಸುತ್ತಾರೆ, ಹೊತ್ತು ಜಾಸ್ತಿ ಹಿಡಿಯುತ್ತದೆ.

ಹಲ್ಲಿನ ಕೆಲಸಕ್ಕೆ ಐದಕ್ಕೆ ನಾಲ್ಕು, ಆಮೇಲೆ ನೋಡಿಕೊಂಡ ರೀತಿಗೆ ಎರಡೂವರೆ. ಈಗಲೂ ಅದೇ ಕ್ಲಿನಿಕ್‌ಗೆ ಹೋಗುತ್ತೇನೆ, ಆ ಕಿರಿಯ ಡಾಕ್ಟರ್ ಇರುವ ದಿನ ಫೋನ್ ಮಾಡಿ ಕೇಳಿಕೊಂಡು.