ವಿಡಿಯೊ ನಡುವೆ ಪ್ರಶ್ನೆ ಕೇಳುವ ಎಚ್5ಪಿ: ವೈರಿಂಗ್ ಕೋರ್ಸ್‌ನಲ್ಲಿ ಬಳಸಿದ ಅನುಭವ

ಮನೆ ವೈರಿಂಗ್ ಕಲಿಸುವ ನಮ್ಮ ಆನ್‌ಲೈನ್ ಕೋರ್ಸ್‌ನಲ್ಲಿ ಎಚ್5ಪಿಯ ‘ಇಂಟರಾಕ್ಟಿವ್ ವಿಡಿಯೊ’ ಬಳಸಲು ಶುರು ಮಾಡಿ ಕೆಲವು ವರ್ಷಗಳಾದವು. ಗೊತ್ತಿಲ್ಲದವರಿಗೆ ಒಂದು ಮಾತು: ನಿಮ್ಮ ಹತ್ತಿರ ಈಗಾಗಲೇ ಇರುವ ವಿಡಿಯೊ ಮೇಲೆಯೇ ಬೇಕಾದ ಕಡೆ ಪ್ರಶ್ನೆ, ಚಿತ್ರ, ಲಿಂಕ್ ಕೂರಿಸಬಹುದು. ಆ ಜಾಗ ಬಂದಾಗ ವಿಡಿಯೊ ನಿಲ್ಲುತ್ತದೆ. ಎಚ್5ಪಿ ಅನ್ನುವುದು ನಾರ್ವೆಯಲ್ಲಿ 2013ರಲ್ಲಿ ಶುರುವಾದ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ ಬದಲಿಸಬಹುದಾದ) ಸಾಫ್ಟ್‌ವೇರ್. 2024ರಲ್ಲಿ ಕೆನಡಾದ ಡಿ2ಎಲ್ ಕಂಪನಿ ಇದರ ಹಿಂದಿನ ಸಂಸ್ಥೆಯನ್ನು ಕೊಂಡಿತು. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ಗೆ ಪ್ಲಗಿನ್ ಸಿಗುತ್ತದೆ. ಆನ್‌ಲೈನ್ ಕೋರ್ಸ್ ನಡೆಸುವ ಸಾಫ್ಟ್‌ವೇರ್ ಮೂಡಲ್‌ನಲ್ಲಿ 2020ರ 3.9 ಆವೃತ್ತಿಯಿಂದ ಎಚ್5ಪಿ ಚಟುವಟಿಕೆ ಜೊತೆಗೇ ಬರುತ್ತದೆ. ನಾವು ಬಳಸುವುದು ಮೂಡಲ್.

ಇಷ್ಟು ದಿನದಲ್ಲಿ ನನಗೆ ಅನ್ನಿಸಿದ್ದು ಇಷ್ಟೆ. ಪ್ರಶ್ನೆ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ಹೆಚ್ಚಿನವರು ಪಾಠ ಮುಗಿದ ಮೇಲೆ ಕೇಳುತ್ತಾರೆ. ‘ಅರ್ತಿಂಗ್ ವೈರಿನ ಬಣ್ಣ ಯಾವುದು?’ ಹಸಿರು ಅಂತ ಈಗಷ್ಟೇ ಹೇಳಿರುತ್ತೀರಿ, ಹುಡುಗರು ಒತ್ತಿ ಮುಂದೆ ಹೋಗುತ್ತಾರೆ. ತಲೆಗೆ ಕೆಲಸವೇ ಇಲ್ಲ.

ನಾನು ಕೆಲಸ ತೋರಿಸುವ ಮೊದಲೇ ಕೇಳುತ್ತೇನೆ. ಮೆಟ್ಟಿಲ ಲೈಟಿನ ಪಾಠ ತೆಗೆದುಕೊಳ್ಳಿ. ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್. ಕನೆಕ್ಷನ್ ಮುಗಿದಿದೆ, ಲೈಟ್ ಉರಿಯುತ್ತಿದೆ. ಬೆರಳು ಮೇಲಿನ ಸ್ವಿಚ್ ಹತ್ತಿರ ಹೋಗುವಾಗ ವಿಡಿಯೊ ನಿಲ್ಲುತ್ತದೆ: ‘ಈಗ ಒತ್ತಿದರೆ ಏನಾಗುತ್ತದೆ?’ ಹುಡುಗ ಒಂದು ಉತ್ತರ ಆರಿಸಲೇಬೇಕು. ಆಮೇಲೆ ವಿಡಿಯೊದಲ್ಲಿ ಒತ್ತಿ ತೋರಿಸುತ್ತೇನೆ. ತಪ್ಪು ಹೇಳಿದವನೂ ‘ಅಯ್ಯೋ, ಯಾಕೆ ಹೀಗಾಯ್ತು’ ಅಂತ ಮುಂದಿನ ವಿವರಣೆಗೆ ಕಾಯುತ್ತಾನೆ. ಸ್ವಿಚ್ಚಿಗೆ ಫೇಸ್ (ಕರೆಂಟ್ ಬರುವ ವೈರ್) ಕೊಡಬೇಕೋ ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕೊಡಬೇಕೋ ಅನ್ನುವುದನ್ನೂ ಹೀಗೇ ಕೇಳುತ್ತೇನೆ. ನ್ಯೂಟ್ರಲ್ ಕೊಟ್ಟರೂ ಬಲ್ಬ್ ಉರಿಯುತ್ತದೆ, ಆರುತ್ತದೆ. ಆದರೆ ಸ್ವಿಚ್ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಟೆಸ್ಟರ್ ಇಟ್ಟು ಅದನ್ನು ತೋರಿಸಿದಾಗ ಬಾಯಿಪಾಠ ಬೇಕಾಗುವುದಿಲ್ಲ.

ಇದರಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ‘ಅಡಾಪ್ಟಿವಿಟಿ’. ಉತ್ತರ ತಪ್ಪಾದರೆ ವಿಡಿಯೊದ ಇಂಥ ನಿಮಿಷಕ್ಕೆ ಹಿಂದೆ ಹೋಗಲಿ ಅಂತ ಹೇಳಿಡಬಹುದು. ಹೋಗುವ ಮುನ್ನ ನಿಮ್ಮದೇ ಮಾತಿನ ಒಂದು ಸಂದೇಶವನ್ನೂ ತೋರಿಸಬಹುದು. ಪೂರ್ತಿ ಅಂಕ ಬರುವ ತನಕ ಮುಂದೆ ಬಿಡಬಾರದು ಅನ್ನುವ ಆಯ್ಕೆಯೂ ಇದೆ. ಸುರಕ್ಷತೆಯ ಪ್ರಶ್ನೆಗಳಿಗೆ ಮಾತ್ರ ಅದನ್ನು ಹಾಕುತ್ತೇನೆ. ಮೇನ್ ಆಫ್ ಮಾಡದೆ ಬೋರ್ಡ್ ಬಿಚ್ಚುವವನು ಮುಂದಿನ ಪಾಠಕ್ಕೆ ಹೋಗುವುದು ಬೇಡ, ಅಲ್ವಾ?

ಕವಲುದಾರಿ ತೋರಿಸುವ ‘ಕ್ರಾಸ್‌ರೋಡ್ಸ್’ ಇನ್ನೊಂದು ಸೌಲಭ್ಯ. ಒಂದು ಕೋಣೆಯ ಲೈಟ್ ಹೋಗಿದೆ, ಮೊದಲು ಏನು ನೋಡುತ್ತೀರಿ? ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಸ್ವಿಚ್, ಬಲ್ಬ್. ಯಾವುದನ್ನು ಒತ್ತಿದರೆ ಆ ಭಾಗಕ್ಕೆ ವಿಡಿಯೊ ಹಾರುತ್ತದೆ. ಮಾಡಲು ಸಮಯ ಬೇಕು, ಪ್ರತಿಯೊಂದು ದಾರಿಗೂ ಬೇರೆ ಶೂಟಿಂಗ್ ಆಗಬೇಕು. ರಿಪೇರಿ ಪಾಠಕ್ಕೆ ಮಾತ್ರ ಆ ಶ್ರಮ ಸಾರ್ಥಕ.

ಮುಂದೆ ಓಡಿಸದಂತೆ ತಡೆಯುವ ಆಯ್ಕೆಯೂ ಇದೆ. ಸಂಸ್ಥೆ ನಡೆಸುವವರಿಗೆ ಇದು ಬಹಳ ಇಷ್ಟ. ನನಗಿಲ್ಲ. ಅದನ್ನು ಹಾಕಿದರೆ ಫೋನನ್ನು ಮಗುಚಿಟ್ಟು ವಿಡಿಯೊ ಸುಮ್ನೆ ಓಡಲು ಬಿಡುತ್ತಾರೆ. ಗೊತ್ತಿರುವವನು ಓಡಿಸಿಕೊಂಡು ಹೋಗಲಿ ಬಿಡಿ, ಪ್ರಶ್ನೆ ಸಿಕ್ಕಾಗ ಗೊತ್ತಾಗುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಿಂದ ದೂರ ಇರುವುದು ಒಳ್ಳೆಯದು. ನೀವು ಬರೆದಿಟ್ಟ ಉತ್ತರಕ್ಕೆ ಹುಡುಗನ ಸ್ಪೆಲ್ಲಿಂಗ್ ಹೊಂದಬೇಕು. ಫೇಸ್, ಫೇಜ್, ಲೈನ್ ಮೂರನ್ನೂ ನಡುವೆ ಓರೆ ಗೆರೆ (/) ಹಾಕಿ ಬರೆದು ಒಪ್ಪಿಸಬಹುದು. ಸಣ್ಣ ತಪ್ಪು ಒಪ್ಪುವ ಆಯ್ಕೆಯೂ ಇದೆ. ಆದರೂ ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಕಷ್ಟ ವೈರಿಂಗ್ ಪರೀಕ್ಷೆಗೆ ಯಾಕೆ ಬೇಕು? ಆಯ್ಕೆ ಪ್ರಶ್ನೆ ಸಾಕು. ಬಟನ್ ಮೇಲಿನ ಇಂಗ್ಲಿಷ್ ಮಾತುಗಳನ್ನು ಎಡಿಟರಿನ ಕೆಳಗೆ ನೀವೇ ಕನ್ನಡದಲ್ಲಿ ಬರೆಯಬಹುದು. ಆ ಫೈಲನ್ನು ಇಳಿಸಿಟ್ಟುಕೊಂಡು ಮುಂದಿನ ವಿಡಿಯೊಗೆ ಅದನ್ನೇ ಅಚ್ಚಾಗಿ ಬಳಸಿ.

ಅಂಕದ ಬಗ್ಗೆ ಒಂದು ಎಚ್ಚರಿಕೆ. ವಿಡಿಯೊದ ಕೊನೆಯಲ್ಲಿ ನಕ್ಷತ್ರದ ಗುರುತು ಇರುವ ಕಡೆ ‘ಉತ್ತರ ಸಲ್ಲಿಸಿ’ ಬಟನ್ ಬರುತ್ತದೆ. ಅದನ್ನು ಒತ್ತಿಸಿಯೇ ಬಿಡಿ. ಅನೇಕರು ‘ಧನ್ಯವಾದ’ ಕೇಳಿಸಿದ ಕೂಡಲೇ ಮುಚ್ಚಿಬಿಡುತ್ತಾರೆ, ಆಮೇಲೆ ಅಂಕ ಬಂದಿಲ್ಲ ಅಂತ ಫೋನ್. ನಾನೀಗ ವಿಡಿಯೊದಲ್ಲೇ ‘ನಕ್ಷತ್ರ ಒತ್ತಿ’ ಅಂತ ಬಾಯಿಬಿಟ್ಟು ಹೇಳುತ್ತೇನೆ. ಸಲ್ಲಿಸಿದ ಮೇಲೆ ಮೂಡಲ್ ವರದಿಯಲ್ಲಿ ಯಾರು ಯಾವ ಪ್ರಶ್ನೆಗೆ ಏನು ಉತ್ತರಿಸಿದರು ಅನ್ನುವುದೂ ಕಾಣುತ್ತದೆ. ಹೆಚ್ಚು ಜನ ತಪ್ಪಿದ ಕಡೆ ನನ್ನ ವಿವರಣೆಯೇ ಸರಿ ಇಲ್ಲ ಅಂತ ತಿಳಿದು ಆ ಭಾಗ ಮತ್ತೆ ಶೂಟ್ ಮಾಡುತ್ತೇನೆ.

ಖರ್ಚಿನ ಲೆಕ್ಕ ಹೀಗಿದೆ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಎಚ್5ಪಿಯವರದೇ ಸರ್ವರಿನಲ್ಲಿ ನಡೆಸುವ ಸೇವೆಗೆ ಮಾತ್ರ ದುಡ್ಡು. ಸ್ವಂತ ಹೋಸ್ಟಿಂಗ್ (ನೀವೇ ಬಾಡಿಗೆಗೆ ಪಡೆದ ಸರ್ವರ್ ಜಾಗ) ಆದರೆ ಏರಿಸುವ ಫೈಲ್ ಗಾತ್ರದ ಮಿತಿ ನೋಡಿ. ಮೂಡಲ್, ವರ್ಡ್‌ಪ್ರೆಸ್ ಎರಡನ್ನೂ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯಲ್ಲಿ ಅದು ಮೂಲತಃ 2 ಎಂಬಿ ಮಾತ್ರ. ನಾವು ಮೊದಲಿದ್ದ ಅಗ್ಗದ ಹೋಸ್ಟಿಂಗ್‌ನವರು ಅದನ್ನು ಏರಿಸಲು ಎಷ್ಟು ಸತಾಯಿಸಿದರು ಅಂದರೆ ಕೊನೆಗೆ ಬೇರೆ ಕಡೆ ಹೋದೆವು. ಯೂಟ್ಯೂಬ್ ಲಿಂಕ್ ಹಾಕಿದರೆ ಈ ತಲೆನೋವಿಲ್ಲ, ಆದರೆ ನೆಟ್ ಇಲ್ಲದೆ ನೋಡಲು ಆಗುವುದಿಲ್ಲ. ಸರ್ವರ್ ರಗಳೆ ಇಲ್ಲದೆ ಮೊದಲು ಕೈ ಆಡಿಸಿ ನೋಡಬೇಕು ಅನ್ನುವವರು ಲೂಮಿ ಅನ್ನುವ ಉಚಿತ ಎಡಿಟರನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಅಲ್ಲಿ ಮಾಡಿದ ಫೈಲನ್ನೇ ಆಮೇಲೆ ಮೂಡಲ್‌ಗೆ ಏರಿಸಬಹುದು.