ಎರಡು ಚರಾಕ್ಷರದ ಗ್ರಾಫ್‌ಗೆ ಮೂರು ಕ್ಯಾಲ್ಕುಲೇಟರ್: ನನ್ನ ಕೈಗೆ ಒಗ್ಗಿದ್ದು ಯಾವುದು?

ಟಿಐ-89, ಕ್ಯಾಸಿಯೊ ಎಫ್ಎಕ್ಸ್-ಸಿಜಿ50, ಎಚ್‌ಪಿ 50ಜಿ: ಮೂರೂ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್‌ಗಳು. ಮೂರಕ್ಕೂ ಒಂದೇ ಲೆಕ್ಕ ಕೊಟ್ಟೆ: ಝಡ್ = (ಎಕ್ಸ್³·ವೈ − ವೈ³·ಎಕ್ಸ್) ÷ 390. ಟಿಐ-89ರ ಕೈಪಿಡಿಯಲ್ಲೇ ಇರುವ ಉದಾಹರಣೆ. ಈ 390 ಎಲ್ಲಿಂದ ಬಂತು ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಎಕ್ಸ್, ವೈ ಎರಡನ್ನೂ −10ರಿಂದ 10ರವರೆಗೆ ಓಡಿಸಿದರೆ ಆವರಣದೊಳಗಿನದು ಸುಮಾರು 3849ರವರೆಗೆ ಏರುತ್ತದೆ. ಭಾಗಿಸಿ ನೋಡಿ, 9.87. ಝಡ್ ಅನ್ನು ಎತ್ತರ ಎಂದುಕೊಂಡರೆ ಗ್ರಾಫ್ ಒಂದು ಬೆಟ್ಟ; ಅದರ ತುದಿ −10ರಿಂದ 10ರವರೆಗಿನ ಪೆಟ್ಟಿಗೆಯ ಮುಚ್ಚಳಕ್ಕೆ ತಾಗದಂತೆ ಅಳೆದು ಹಾಕಿದ ಸಂಖ್ಯೆ!

ಟಿಐ-89ರ ಪರದೆ 160×100 ಚುಕ್ಕಿ, ಬಣ್ಣವಿಲ್ಲ. ಮೇಲ್ಮೈ ಒಣಹಾಕಿದ ಬಲೆಯ ಹಾಗೆ ಕಾಣುತ್ತದೆ. ಬಾಣದ ಕೀಲಿಗಳಿಂದ ತಿರುಗಿಸಬಹುದು. ಝಡ್ ಕೀಲಿ ಒತ್ತಿದರೆ ನೆತ್ತಿಯ ಮೇಲಿಂದ ನೋಟ, ಸೊನ್ನೆ ಒತ್ತಿದರೆ ಮತ್ತೆ ಮೊದಲಿನ ಕೋನ. ಕಾಂಟೂರ್ ಹಾಕಿ (ಭೂಗೋಳದಲ್ಲಿ ಓದಿದ ಸಮೋನ್ನತ ರೇಖೆಗಳೇ) ಮೇಲಿಂದ ನೋಡಿದರೆ ನಾಲ್ಕು ದಿಬ್ಬ, ನಾಲ್ಕು ಹಳ್ಳ ಸರದಿಯಲ್ಲಿ ಕೂತಿರುವುದು ಸ್ಪಷ್ಟ. ಆದರೆ ಕಾಂಟೂರ್‌ಗೆ ಕಾಯಬೇಕು.

ಕ್ಯಾಸಿಯೊ ಎಫ್ಎಕ್ಸ್-ಸಿಜಿ50 ನೋಡಲು ಚಂದ. 384×216 ಚುಕ್ಕಿ, ಬಣ್ಣ. ಸಮತಲ, ಗೋಳಗಳಿಗೆ ಸಿದ್ಧ ಅಚ್ಚುಗಳಿವೆ, ಸಹಗುಣಕ ತುಂಬಿದರೆ ಸಾಕು. ಪಿಯುಸಿಯಲ್ಲಿ ಸಮತಲದ ಸಮೀಕರಣ ಬಾಯಿಪಾಠ ಮಾಡಿದವರಿಗೆ ಇದು ಕಣ್ಣಿಗೆ ಹಬ್ಬ. ಅಷ್ಟೇ. ನನ್ನ ಲೆಕ್ಕದ ಬಗ್ಗೆ ಹೊಸದೇನೂ ಹೊಳೆಯಲಿಲ್ಲ.

ಎಚ್‌ಪಿ 50ಜಿ ಪರದೆ ಮೂರರಲ್ಲೂ ಚಿಕ್ಕದು, 131×80. ಮೆನು ಅರ್ಥವಾಗಲು ತಾಳ್ಮೆ ಬೇಕು. ಆದರೂ ನನ್ನ ಮತ ಇದಕ್ಕೇ, ಅದೂ ‘ವೈ-ಸ್ಲೈಸ್’ ಎಂಬ ಒಂದೇ ಕಾರಣಕ್ಕೆ. ಇದು ಬೆಟ್ಟವನ್ನು ತೋರಿಸುವುದಿಲ್ಲ. ಹಲಸಿನ ಹಣ್ಣು ಹೋಳು ಮಾಡಿದಂತೆ ಕತ್ತರಿಸಿ, ಹೋಳುಗಳನ್ನು ಒಂದಾದ ಮೇಲೊಂದು ಸಿನಿಮಾದಂತೆ ಓಡಿಸುತ್ತದೆ. ಒಂದು ಚರಾಕ್ಷರವನ್ನು ಸ್ಥಿರವಾಗಿ ಹಿಡಿದರೆ ಉಳಿಯುವುದು ಮೂರನೇ ಘಾತದ ವಕ್ರರೇಖೆ: ಏರು, ಇಳಿ, ಮತ್ತೆ ಏರು. ಹಿಡಿದ ಬೆಲೆ ಸೊನ್ನೆಯ ಹತ್ತಿರ ಬಂದಂತೆ ರೇಖೆ ಮಲಗುತ್ತದೆ, ಸೊನ್ನೆಯಲ್ಲಿ ಪೂರ್ತಿ ಚಪ್ಪಟೆ, ದಾಟಿದ ಮೇಲೆ ತಲೆಕೆಳಗಾಗಿ ಏಳುತ್ತದೆ. ‘ಒಂದನ್ನು ಸ್ಥಿರವಾಗಿಟ್ಟು ಇನ್ನೊಂದರಲ್ಲಿ ಅವಕಲಿಸಿ’ (ಅಂದರೆ ಬದಲಾವಣೆಯ ದರ ಕಂಡುಹಿಡಿಯಿರಿ) ಎಂದು ಕಾಲೇಜಿನಲ್ಲಿ ಕೇಳಿದ ಮಾತು ಏನೆಂದು ನನಗೆ ತಿಳಿದದ್ದು ಈ ಮಂಕು ಪರದೆಯ ಮೇಲೆ.

ಅಂದಹಾಗೆ, ಮೂರಕ್ಕೂ ನಾಲ್ಕು ನಾಲ್ಕು ಎಎಎ ಸೆಲ್ ಬೇಕು. ನನ್ನ ಹತ್ತಿರ ಸದ್ಯ ಇರುವುದು ನಾಲ್ಕೇ. ಅವು ಎಚ್‌ಪಿಯೊಳಗಿವೆ.